ಬೋರ್ಡಿಗೆ ಶೇಕಡಾ 60, ಗಣಕಯಂತ್ರಕ್ಕೆ ಎಷ್ಟು?

(ಸಹಕಾರಿ ಸಂಘಗಳ ನಿರ್ದೇಶಕರು, ಸಿಬ್ಬಂದಿ ಹಾಗೂ ಸಣ್ಣ ಉದ್ದಿಮೆದಾರರ ಸಭೆಯಲ್ಲಿ, ಕೋಟದಲ್ಲಿ ಮಾಡಿದ ಭಾಷಣದ ಪಠ್ಯ)



ಕನ್ನಡ ಸಂಘಟನೆಯವರು ಕರೆದ ಸಭೆ ಎಂದರೆ ಘೋಷಣೆ, ಮೆರವಣಿಗೆ, ಬೋರ್ಡಿಗೆ ಮಸಿ ಎಂದುಕೊಂಡು ಬಂದವರಿಗೆ ಇವತ್ತು ನಿರಾಶೆಯಾಗಬಹುದು. ಇವತ್ತಿನ ವಿಷಯ ಒಣ ವಿಷಯ. ಏಪ್ರಿಲ್ 1ಕ್ಕೆ ಹೊಸ ಲೆಕ್ಕದ ವರ್ಷ ಶುರುವಾಗುತ್ತದೆ. ಅದಕ್ಕೆ ಮುಂಚೆ ನಿಮ್ಮ ಆಡಳಿತ ಮಂಡಳಿ ಕುಳಿತು ಬರುವ ವರ್ಷ ಯಾವ ಯಂತ್ರ ಕೊಳ್ಳಬೇಕು, ಯಾವ ತಂತ್ರಾಂಶ ಹಾಕಿಸಬೇಕು, ನಿರ್ವಹಣೆಯ ಗುತ್ತಿಗೆ ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುತ್ತದೆ. ದೊಡ್ಡ ಕಂಪೆನಿಗಳವರು ಇದಕ್ಕೆ ತಂತ್ರಜ್ಞಾನ ಕಾರ್ಯನೀತಿ ಎಂದು ದೊಡ್ಡ ಹೆಸರು ಕೊಟ್ಟು, ಅದಕ್ಕೇ ಒಬ್ಬ ಅಧಿಕಾರಿಯನ್ನು ಇಟ್ಟಿರುತ್ತಾರೆ. ನಮ್ಮಲ್ಲಿ ಅದು ಕಾರ್ಯಸೂಚಿಯ ಒಂಬತ್ತನೆಯದೋ ಹತ್ತನೆಯದೋ ವಿಷಯ. ಚಹಾ ಕುಡಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ ಕಾರ್ಯದರ್ಶಿಗಳು ಮೂರು ದರಪಟ್ಟಿ ಓದುತ್ತಾರೆ, ಕಡಿಮೆ ದರದ್ದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, "ಅನುಮೋದಿಸಲಾಯಿತು" ಎಂದು ಬರೆದು ಪುಸ್ತಕ ಮುಚ್ಚುತ್ತಾರೆ.

ಆ ಐದು ನಿಮಿಷದಲ್ಲಿ ಮುಂದಿನ ಐದಾರು ವರ್ಷಗಳ ಮಟ್ಟಿಗೆ ಕನ್ನಡದ ಹಣೆಬರಹ ನಿರ್ಧಾರವಾಗಿ ಹೋಗುತ್ತದೆ. ಇದೊಂದನ್ನು ನಿಮ್ಮ ಕಿವಿಗೆ ಹಾಕಲು ಬಂದಿದ್ದೇನೆ.

ನಾವು ಬೋರ್ಡಿಗಾಗಿ ಹೋರಾಡಿದೆವು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಆದದ್ದು ನಿಮಗೆ ಗೊತ್ತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂತು, ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿ ಇರಲೇಬೇಕು ಎಂದಾಯಿತು. ಒಳ್ಳೆಯದೇ. ಆದರೆ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ ನೋಡಿ. ಪರದೆ ಇಂಗ್ಲಿಷು. ರಸೀದಿ ಇಂಗ್ಲಿಷು. ಪಾಸ್ ಪುಸ್ತಕದಲ್ಲಿ ಮುದ್ರಣವಾಗುವ ಸಾಲು ಇಂಗ್ಲಿಷು. ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷು. ಸಾಲದ ನೋಟೀಸಿನ ಮೇಲೆ ಸಂಘದ ಹೆಸರು ಮಾತ್ರ ದಪ್ಪ ಕನ್ನಡದಲ್ಲಿ, ಒಳಗಿನ ಲೆಕ್ಕವೆಲ್ಲ ಇಂಗ್ಲಿಷು. ಹೊರಗೆ ಶೇಕಡಾ 60, ಒಳಗೆ ಸೊನ್ನೆ. ಹೊರಗಿನ ಬೋರ್ಡನ್ನು ದಾರಿಹೋಕನೂ ಓದುತ್ತಾನೆ, ಒಳಗಿನದನ್ನು ಓದಬೇಕಾದವನು ಹಣ ಇಟ್ಟವನು.

ಇದು ಮೊದಲಿಂದ ಹೀಗಿರಲಿಲ್ಲ. ನಿಮ್ಮ ಸಂಘದ ಕಪಾಟಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಹಳೆಯ ಲೆಡ್ಜರು ಇದ್ದರೆ ತೆಗೆದು ನೋಡಿ. ಜಮಾ, ಖರ್ಚು, ಶಿಲ್ಕು, ಸುಸ್ತಿ, ಅಸಲು, ಬಡ್ಡಿ, ಎಲ್ಲವೂ ದುಂಡಾದ ಕನ್ನಡ ಅಕ್ಷರಗಳಲ್ಲಿ. ಸದಸ್ಯ ಬಂದು ಪುಟದ ಮೇಲೆ ಬೆರಳಿಟ್ಟು "ಇದೆಂತದ್ದು ಮಾರಾಯ್ರೆ, ಈ ಇಪ್ಪತ್ತು ರೂಪಾಯಿ?" ಎಂದು ಕೇಳುವಂತಿತ್ತು. ಗಣಕಯಂತ್ರ ಬಂತು, ಆ ಕನ್ನಡ ಹೋಯಿತು. ಯಾವ ದೆಹಲಿಯವನೂ ಆದೇಶ ಹೊರಡಿಸಲಿಲ್ಲ. ಯಾವ ಹಿಂದಿವಾಲನೂ ಬಂದು ಕಿತ್ತುಕೊಳ್ಳಲಿಲ್ಲ. ತಂತ್ರಾಂಶ ಮಾರಲು ಬಂದ ಹುಡುಗ "ಸಾರ್, ಇದರಲ್ಲಿ ಕನ್ನಡ ಬರೋದಿಲ್ಲ" ಎಂದ, ನಾವು "ಆಯ್ತಪ್ಪಾ" ಎಂದೆವು. ನೂರು ವರ್ಷದ ಲೆಕ್ಕದ ಭಾಷೆ ಒಂದು "ಆಯ್ತಪ್ಪಾ"ಗೆ ಮುಗಿಯಿತು. ಬೇರೆಯವರ ದಬ್ಬಾಳಿಕೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಈ ನಿರಭಿಮಾನದ ಬಗ್ಗೆಯೂ ಒಂದು ನಿಮಿಷ ಮಾತಾಡಬೇಕು.

ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎನ್ನುವ ಮಾತು ನಮ್ಮ ಕರಾವಳಿಯಲ್ಲಿ ನಿಲ್ಲಲೇ ಬಾರದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಬರೆದದ್ದು ಬರೆದಂತೆಯೇ ಕಾಗದಕ್ಕೆ ಇಳಿಯುತ್ತದೆ, ಒತ್ತಕ್ಷರವೂ ಸೇರಿ. ಭಾಷೆ ಇದು, ಇದಕ್ಕೆ ಹೊಂದುವ ಯಂತ್ರ ಯಾವುದು ಎಂದು ಜರ್ಮನಿಯಿಂದ ಬಂದ ಪಾದ್ರಿ ಹುಡುಕಿದ. ಯಂತ್ರ ಇದು, ಇದಕ್ಕೆ ಹೊಂದುವ ಭಾಷೆ ಯಾವುದು ಎಂದು ನಾವು ಹುಡುಕುತ್ತಿದ್ದೇವೆ! ಇದೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದು ಸುಮ್ಮನಾಗಲಿಲ್ಲ, ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ಇಟ್ಟರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳ ಮೇಲೆಯೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿ ತೋರಿಸಿದರು, 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿ ಹಂಚಿದರು. ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೀಲಿಮಣೆಗೆ ಅವರ ವಿನ್ಯಾಸವೇ ಅಡಿಪಾಯ. ಇಂಥ ಊರುಗಳ ನಡುವೆ ಕುಳಿತು ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದೇ?

ಈಗ ಯೂನಿಕೋಡ್ ಇದೆ. 1991ರಲ್ಲಿ ಅದು ಹೊರಬಂದಾಗಲೇ ಕನ್ನಡಕ್ಕೆ 128 ಮನೆಗಳ ಪ್ರತ್ಯೇಕ ಸ್ಥಾನ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಿಂದ ಮೈಕ್ರೋಸಾಫ್ಟಿನವರ ಗಣಕಯಂತ್ರ ಕನ್ನಡವನ್ನು ತೋರಿಸುತ್ತಿದೆ. ಪಹಣಿಯನ್ನೇ ನೋಡಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ 176 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಭೂಮಾಲೀಕರ ಹೆಸರುಗಳನ್ನು ಗಣಕಯಂತ್ರಕ್ಕೆ ಏರಿಸಿದ್ದು ಕನ್ನಡದಲ್ಲಿ. ಹದಿನೈದು ರೂಪಾಯಿ ಕೊಟ್ಟರೆ ಕನ್ನಡ ಪಹಣಿ ಕೈಗೆ ಬರುತ್ತಿತ್ತು. ಅಷ್ಟು ದೊಡ್ಡ ಕೆಲಸ ಕನ್ನಡದಲ್ಲಿ ನಡೆದದ್ದು ಹೇಗೆ? ಕನ್ನಡದಲ್ಲೇ ಬೇಕು ಎಂದು ಯೋಜನೆಯ ಮೊದಲ ಹಾಳೆಯಲ್ಲಿ ಬರೆದಿದ್ದರಿಂದ. ಇಪ್ಪತ್ತೈದು ವರ್ಷದ ಹಿಂದೆ ಕಂದಾಯ ಇಲಾಖೆಗೆ ಸಾಧ್ಯವಾದದ್ದು ಇವತ್ತು ಎರಡು ಸಾವಿರ ಸದಸ್ಯರ ಸಂಘಕ್ಕೆ ಅಸಾಧ್ಯವಂತೆ.

ಇನ್ನೊಂದು ಮಾತು. ಈ ತೀರ್ಮಾನ ಮಾಡುವ ಅಧಿಕಾರ ಎಷ್ಟು ದಿನ ನಮ್ಮ ಕೈಯಲ್ಲಿ ಇರುತ್ತದೆ? ಬ್ಯಾಂಕುಗಳ ತವರು ನಮ್ಮ ಜಿಲ್ಲೆ ಎಂದು ಬೀಗುತ್ತಿದ್ದೆವು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. 1931ರ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ, 1928ರಿಂದ ಪಿಗ್ಮಿ ಎಂದು ಮನೆಮನೆಗೆ ಹೋಗಿ ಎರಡಾಣೆ ನಾಲ್ಕಾಣೆ ಕೂಡಿಸಿದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಹೋಯಿತು. ಆ ಬ್ಯಾಂಕುಗಳಲ್ಲಿ ಬರುವ ವರ್ಷ ಯಾವ ತಂತ್ರಾಂಶ, ಯಾವ ಪರದೆ, ಯಾವ ಭಾಷೆ ಎಂದು ಉಡುಪಿಯಲ್ಲೂ ಮಣಿಪಾಲದಲ್ಲೂ ಕುಳಿತು ಯಾರೂ ಈಗ ತೀರ್ಮಾನಿಸುವುದಿಲ್ಲ. ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್ ಪುಸ್ತಕ ಇವೆಲ್ಲ ಇಂಗ್ಲಿಷು, ಹಿಂದಿಯ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಸಿಗಬೇಕು, ಚೆಕ್ಕನ್ನು ಗ್ರಾಹಕ ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳುತ್ತಲೇ ಬಂದಿದೆ. ಆ ಸುತ್ತೋಲೆ ಹಿಡಿದು ನಾವು ಕೌಂಟರಿನ ಮುಂದೆ ವಾದ ಮಾಡಬಹುದು. ಆದರೆ ಕೌಂಟರಿನ ಹಿಂದೆ ಕುಳಿತ ಹುಡುಗಿಗೆ ಯಂತ್ರ ಬದಲಾಯಿಸುವ ಅಧಿಕಾರವಿಲ್ಲ.

ನಿಮಗೆ ಇದೆ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ನಿಂತು ಕಟ್ಟಿದ ಸಹಕಾರ ಚಳವಳಿ ಇದು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದು ಅವರ ದುಡಿಮೆಯಿಂದ. ಊರಿನ ಹಣ ಊರಿನವರ ತೀರ್ಮಾನದಲ್ಲಿ ಇರಬೇಕು ಎಂಬುದಕ್ಕೇ ಸಂಘ ಇರುವುದು. ಊರಿನ ಲೆಕ್ಕ ಊರಿನ ಭಾಷೆಯಲ್ಲಿ ಇಲ್ಲದಿದ್ದರೆ ತೀರ್ಮಾನ ಊರಿನವರದ್ದು ಹೇಗಾಗುತ್ತದೆ?

ಕೇಂದ್ರ ಸರ್ಕಾರದ ಯೋಜನೆಯ ವಿಷಯ ನಿಮಗೆ ಗೊತ್ತಿರಬೇಕು. 2022ರ ಜೂನ್ 29ರಂದು ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡಿನ ಮೂಲಕ ಎಲ್ಲ ಕಡೆ ಒಂದೇ ಬಗೆಯ ತಂತ್ರಾಂಶ. ನಮ್ಮ ರಾಜ್ಯದ ಸಂಘಗಳೂ ಅದರಲ್ಲಿವೆ. ಆ ದಿನದ ಸರ್ಕಾರಿ ಪ್ರಕಟಣೆಯಲ್ಲೇ ತಂತ್ರಾಂಶ ಆಯಾ ನಾಡಿನ ಭಾಷೆಯಲ್ಲಿರುತ್ತದೆ, ರಾಜ್ಯಗಳ ಅಗತ್ಯಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು ಎಂದು ಹೇಳಿದ್ದಾರೆ. ದೆಹಲಿಯವರೇ ಕನ್ನಡ ಕೊಡುತ್ತೇವೆ ಎಂದು ಬರೆದುಕೊಟ್ಟಿರುವಾಗ ಕೇಳಿ ಪಡೆಯಲು ನಮಗೇನು ಸಂಕೋಚ? ಯಾವ ಪರದೆ ಕನ್ನಡದಲ್ಲಿದೆ, ಯಾವ ವರದಿ ಕನ್ನಡದಲ್ಲಿ ಮುದ್ರಣವಾಗುತ್ತದೆ, ಸದಸ್ಯರ ಹೆಸರು ಕನ್ನಡದಲ್ಲಿ ಒಳಗೆ ಹೋಗುತ್ತದೆಯೇ, ಇದನ್ನು ಒಂದೊಂದಾಗಿ ಬರೆದು ಕೇಳಬೇಕು. ಇಲ್ಲದಿದ್ದರೆ ಮೊದಲ ಪರದೆಯ ಮೇಲೆ 'ಸ್ವಾಗತ' ಎಂದು ಬರೆದು ಕನ್ನಡ ಆಯಿತು ಎನ್ನುತ್ತಾರೆ.

ಹೆಸರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಅತಿ ಹೆಚ್ಚು ಹಾನಿ ಇಲ್ಲೇ ಆಗುವುದು.

ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು ನೋಡಿ. ಗಿರಿಜಾ ಪೂಜಾರ್ತಿ, ಸಾಧು ಶೆಡ್ತಿ, ಕಾಳು ಮರಕಾಲ್ತಿ. ಇವು ಬರೀ ಉದಾಹರಣೆ, ಇದೇ ಹೆಸರಿನವರು ಸಭೆಯಲ್ಲಿದ್ದರೆ ಮನ್ನಿಸಬೇಕು. ಪೂಜಾರ್ತಿ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು? ಮೊದಲ ಉಕಾರಕ್ಕೆ ಒಬ್ಬ ಎರಡು 'ಓ' ಹಾಕುತ್ತಾನೆ, ಇನ್ನೊಬ್ಬ ಒಂದು 'ಯು' ಹಾಕುತ್ತಾನೆ. ಕೊನೆಗೆ ಒಬ್ಬ 'ಟಿಎಚ್' ಬರೆದರೆ ಇನ್ನೊಬ್ಬ ಬರೀ 'ಟಿ'. ಅದರ ಮೇಲೆ 'ಐ' ಎಂದೊಬ್ಬ, 'ವೈ' ಎಂದೊಬ್ಬ. ಆಗಲೇ ಎಂಟು ಬಗೆ ಆಯಿತು. ಬೆಂಗಳೂರಿನಲ್ಲಿ ಓದಿಬಂದ ಹುಡುಗ ಕುಳಿತಿದ್ದರೆ ಪೂಜಾರ್ತಿಯನ್ನು ಪೂಜಾರಿ ಎಂದೇ ತಿದ್ದಿಬಿಡುತ್ತಾನೆ, ತಪ್ಪು ತಿದ್ದಿದೆ ಎಂಬ ಸಮಾಧಾನದಲ್ಲಿ. ಈಗ ಅದನ್ನು ತಿರುಗಿ ಕನ್ನಡಕ್ಕೆ ತನ್ನಿ. ಇಂಗ್ಲಿಷಿಗೆ ಲ, ಳ ಭೇದವಿಲ್ಲ, ನ, ಣ ಭೇದವಿಲ್ಲ. ಕಾಳು ಎಂಬ ಹೆಂಗಸು ಯಂತ್ರದಿಂದ ಹೊರಬರುವಾಗ ಕಾಲು ಆಗಿರುತ್ತಾಳೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ಕೆಡಿಸುವ ಅಧಿಕಾರವನ್ನು ಯಂತ್ರಕ್ಕೆ ಕೊಟ್ಟವರು ಯಾರು?

ಇದು ಬರೀ ಅಭಿಮಾನದ ಪ್ರಶ್ನೆ ಎಂದು ತಿಳಿಯಬೇಡಿ. 2018ರ ಬೆಳೆಸಾಲ ಮನ್ನಾ ನೆನಪಿರಲಿ. ಆಗ ಸಂಘದ ಲೆಕ್ಕ, ಆಧಾರ್, ಪಡಿತರ ಚೀಟಿ, ಪಹಣಿ ಇವನ್ನು ಹೋಲಿಸಿ ನೋಡಬೇಕಿತ್ತು. ಪಹಣಿಯಲ್ಲಿ ಹೆಸರು ಕನ್ನಡದಲ್ಲಿ, ಆಧಾರಿನಲ್ಲಿ ಕನ್ನಡ ಇಂಗ್ಲಿಷು ಎರಡೂ, ಸಂಘದ ಗಣಕಯಂತ್ರದಲ್ಲಿ ಇಂಗ್ಲಿಷು ಮಾತ್ರ. ಹೆಸರು ಹೊಂದದಿದ್ದರೆ ಅಲೆಯಬೇಕಾದವರು ಯಾರು? ನಾಳೆ ಬೆಳೆ ವಿಮೆ ಬರುತ್ತದೆ, ಪರಿಹಾರ ಬರುತ್ತದೆ, ಪ್ರತಿ ಸಲವೂ ಇದೇ ಹೋಲಿಕೆ. ಸದಸ್ಯೆ ತೀರಿಕೊಂಡ ಮೇಲೆ ಠೇವಣಿ ಬಿಡಿಸಿಕೊಳ್ಳಲು ಬಂದ ಮಗನಿಗೆ ತಾಯಿಯ ಹೆಸರು ಒಂದೇ ಎಂದು ತೋರಿಸಲು ನೋಟರಿಯ ಬಳಿ ಅಫಿಡವಿಟ್ಟು. ಸಂಘದ ದಾಖಲೆಯಲ್ಲಿ ಪಹಣಿಯಲ್ಲಿರುವಂತೆಯೇ ಕನ್ನಡದ ಹೆಸರಿಗೆ ಒಂದು ಅಂಕಣ ಇದ್ದಿದ್ದರೆ ಈ ಅಲೆದಾಟದಲ್ಲಿ ಅರ್ಧ ಉಳಿಯುತ್ತಿತ್ತು.

ಅಂಕಣ ಎಂದರೆ ಸಾಲದು, ಅದರ ಅಳತೆಯನ್ನೂ ಕೇಳಬೇಕು. ಈಗ ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಕಾಗುಣಿತದ ಗುರುತಿಗೂ ಒತ್ತಕ್ಷರಕ್ಕೂ ಬೇರೆ ಬೇರೆ ಲೆಕ್ಕ. ಇಂಗ್ಲಿಷಿಗೆಂದು ಮೂವತ್ತು ಬೈಟಿನ ಕೋಣೆ ಮಾಡಿಟ್ಟಿದ್ದರೆ ಅದರಲ್ಲಿ ಕನ್ನಡದ ಹತ್ತೇ ಸಂಕೇತ ಹಿಡಿಸುತ್ತದೆ. ಗಿರಿಜಾ ಎಂದು ಬರೆದು ಪೂಜಾರ್ತಿಗೆ ಬರುವಾಗ ಗೋಡೆ ಅಡ್ಡ ಬರುತ್ತದೆ. ತಂತ್ರಾಂಶದವರು ಆಗ ಕನ್ನಡದಲ್ಲಿ ಇದೇ ತೊಂದರೆ ಸಾರ್ ಎನ್ನುತ್ತಾರೆ. ತೊಂದರೆ ಕನ್ನಡದ್ದಲ್ಲ, ಕೋಣೆ ಕಟ್ಟಿದವನದ್ದು. ಕಟ್ಟುವ ಮೊದಲೇ ಹೇಳಿದರೆ ಕಾಸಿನ ಖರ್ಚಿಲ್ಲದ ಕೆಲಸ. ಕಟ್ಟಿದ ಮೇಲೆ ಹೇಳಿದರೆ 'ಬದಲಾವಣೆ ಕೋರಿಕೆ' ಎಂದು ಪ್ರತ್ಯೇಕ ಬಿಲ್ಲು ಬರುತ್ತದೆ. ಮನೆ ಕಟ್ಟಿದವರಿಗೆಲ್ಲ ಗೊತ್ತು, ಪಂಚಾಂಗ ಹಾಕುವ ಮೊದಲು ಬಾಗಿಲು ಸರಿಸುವುದಕ್ಕೂ ಗಾರೆ ಆದ ಮೇಲೆ ಸರಿಸುವುದಕ್ಕೂ ಏನು ವ್ಯತ್ಯಾಸ ಎಂದು.

ಮೊಬೈಲಿನ ಸಂದೇಶದಲ್ಲೂ ಇದೇ ಕಥೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ್ದು 70 ಮಾತ್ರ, ಅದಕ್ಕಿಂತ ಉದ್ದವಾದರೆ ಎರಡು ಸಂದೇಶದ ದುಡ್ಡು. "ಕನ್ನಡ ದುಬಾರಿ" ಎಂದು ಹೇಳುವವರ ಕೈಯಲ್ಲಿರುವ ಒಂದೇ ಗಟ್ಟಿ ವಾದ ಇದು. ಸುಳ್ಳಲ್ಲ. ಆದರೆ ಇಂಗ್ಲಿಷಿನ "ಡಿಯರ್ ಕಸ್ಟಮರ್" ಪುರಾಣವನ್ನೆಲ್ಲ ಕನ್ನಡಕ್ಕೆ ಭಾಷಾಂತರಿಸಿದರೆ ದುಬಾರಿಯೇ ಆಗುತ್ತದೆ. ನಮ್ಮ ಹಳೆಯ ಲೆಡ್ಜರಿನ ಭಾಷೆಯಲ್ಲಿ ಬರೆಯಿರಿ. "ರೂ.2,500 ಜಮಾ. ಶಿಲ್ಕು ರೂ.11,340. ಖಾತೆ 4417." ಕಾಗುಣಿತ, ಒತ್ತು, ಖಾಲಿ ಜಾಗ ಎಲ್ಲ ಸೇರಿ ಎಣಿಸಿದರೂ ನಲವತ್ತರ ಆಸುಪಾಸು. 70ರೊಳಗೆ ಸಲೀಸು. ಸಂದೇಶಗಳ ನಮೂನೆಯನ್ನು ಮೊದಲೇ ದೂರಸಂಪರ್ಕ ಕಂಪೆನಿಗಳಲ್ಲಿ ನೋಂದಾಯಿಸಬೇಕು ಎಂಬ ನಿಯಮ ಈಗಿದೆ. ಹೊಸ ವರ್ಷಕ್ಕೆ ನಮೂನೆ ನೋಂದಾಯಿಸುವಾಗಲೇ ಕನ್ನಡದ್ದನ್ನು ಕೊಡಿ. ಒಮ್ಮೆ ಇಂಗ್ಲಿಷಿನದು ನೋಂದಣಿಯಾದರೆ ಮತ್ತೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ಅಗ್ಗದ ಮಾತು ಬಿಟ್ಟು ಹಾನಿಯ ಮಾತಿಗೆ ಬನ್ನಿ. ಕೋಡಿ ಕನ್ಯಾನದ ಒಬ್ಬ ಮೀನುಗಾರ ಹೆಂಗಸು, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ಎಂದಿಟ್ಟುಕೊಳ್ಳಿ. ಯಾರೋ ಫೋನು ಮಾಡಿ "ನಿಮ್ಮ ಮೊಬೈಲಿಗೆ ಒಂದು ಸಂಖ್ಯೆ ಬಂದಿದೆ, ಹೇಳಿ" ಎನ್ನುತ್ತಾನೆ. ಸಂಖ್ಯೆಯ ಕೆಳಗೇ ಅದನ್ನು ಯಾರಿಗೂ ಹೇಳಬಾರದೆಂದು ಎಚ್ಚರಿಕೆ ಇದೆ, ಇಂಗ್ಲಿಷಿನಲ್ಲಿ. ಅವಳು ಅಂಕಿ ಓದಬಲ್ಲಳು, ಎಚ್ಚರಿಕೆ ಓದಲಾರಳು. ಕಳ್ಳನಿಗೆ ಬೇಕಾದದ್ದು ಮಾತ್ರ ಅವಳಿಗೆ ಅರ್ಥವಾಗುವಂತೆ ನಾವೇ ವ್ಯವಸ್ಥೆ ಮಾಡಿದ ಹಾಗಾಯಿತು! "ಈ ಸಂಖ್ಯೆ ಯಾರಿಗೂ ಹೇಳಬೇಡಿ" ಎಂಬುದಕ್ಕೆ ಎಷ್ಟು ಅಕ್ಷರ? ನಾನು ಎಣಿಸಿದ್ದೇನೆ, 23. ಆ 23 ಅಕ್ಷರ ಕನ್ನಡದಲ್ಲಿ ಇಲ್ಲದಿದ್ದರಿಂದ ಅವಳ ವರ್ಷದ ಉಳಿತಾಯ ಹೋದರೆ ಅದಕ್ಕೆ ಹೊಣೆ ಯಾರು?

ಸಾಲದ ವಿಷಯಕ್ಕೆ ಈಗ ನಿಯಮವೇ ಇದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು, ಹಣಕಾಸು ಕಂಪೆನಿಗಳು ಬಿಡಿ ಸಾಲಗಾರರಿಗೆ ಬಡ್ಡಿ, ಶುಲ್ಕ, ಕಂತುಗಳ ಮುಖ್ಯಾಂಶದ ಹಾಳೆಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಹಳ್ಳಿಯ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಅಂಕೆಯಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಖಾಸಗಿ ಹಣಕಾಸು ಕಂಪೆನಿ ಕನ್ನಡದಲ್ಲಿ ಹಾಳೆ ಕೊಡುವಾಗ ನಮ್ಮದೇ ಸಂಘ ಇಂಗ್ಲಿಷಿನಲ್ಲಿ ನೋಟೀಸು ಕಳಿಸಿದರೆ ಮುಖ ಎಲ್ಲಿಡುವುದು?

ಇನ್ನು ಕನ್ನಡ ಕೊಡುತ್ತೇವೆ ಎಂದು ಬರುವವರ ಕನ್ನಡ. ಇಂಗ್ಲಿಷಿನ ಪಟ್ಟಿಯನ್ನು ಅನುವಾದ ಯಂತ್ರಕ್ಕೆ ಹಾಕಿ ಹೊರಬಂದದ್ದನ್ನು ಹಾಗೇ ಅಂಟಿಸಿದರೆ 'ಬ್ಯಾಲೆನ್ಸ್' ಎಂಬುದು 'ಸಮತೋಲನ' ಆಗುತ್ತದೆ, 'ಇಂಟರೆಸ್ಟ್' ಎಂಬುದು 'ಆಸಕ್ತಿ' ಆಗುತ್ತದೆ, 'ಪ್ರಿನ್ಸಿಪಲ್' ಎಂಬುದು 'ಪ್ರಾಂಶುಪಾಲ'. ಪ್ರಾಂಶುಪಾಲರ ಮೇಲಿನ ಆಸಕ್ತಿ ಶೇಕಡಾ ಏಳು! ಇಂಥ ಕನ್ನಡ ನೋಡಿದ ಸಿಬ್ಬಂದಿ "ಇದಕ್ಕಿಂತ ಇಂಗ್ಲಿಷೇ ವಾಸಿ" ಎಂದರೆ ಅವರನ್ನು ಕನ್ನಡ ದ್ರೋಹಿಗಳು ಎಂದು ಬೈಯಲಾಗುವುದಿಲ್ಲ. ಇದಕ್ಕೆ ಔಷಧ ನಿಮ್ಮ ಊರಿನಲ್ಲೇ ಇದೆ. ಕೈಯಿಂದ ಲೆಡ್ಜರು ಬರೆದು ನಿವೃತ್ತರಾದ ಗುಮಾಸ್ತರು, ಕಾರ್ಯದರ್ಶಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ನಾಲ್ಕು ಜನರನ್ನು ಎರಡು ಭಾನುವಾರ ಕೂರಿಸಿ. ಅಸಲು, ಬಡ್ಡಿ, ಸುಸ್ತಿ ಬಡ್ಡಿ, ಶಿಲ್ಕು, ನಿರಖು ಠೇವಣಿ, ಪಾಲು ಬಂಡವಾಳ, ಜಾಮೀನುದಾರ, ಬೇಬಾಕಿ, ಹೀಗೆ ಸಂಘಕ್ಕೆ ಬೇಕಾದ ಇನ್ನೂರು ಮುನ್ನೂರು ಶಬ್ದಗಳ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ತಂತ್ರಾಂಶದವರ ಕೈಗೆ ಕೊಟ್ಟು ಇದೇ ಶಬ್ದ ಹಾಕು ಎನ್ನಿ. ಆ ಹಿರಿಯರು ಹೋದ ಮೇಲೆ ಆ ಶಬ್ದಗಳನ್ನು ಯಾವ ವಿಶ್ವವಿದ್ಯಾನಿಲಯವೂ ಕೊಡಲಾರದು.

ಇಲ್ಲಿ ನಮ್ಮ ಗೆಳೆಯರಲ್ಲಿ ಕೆಲವರಿಗೆ ಸಿಟ್ಟು ಬರುವ ಮಾತೊಂದನ್ನು ಹೇಳಿಬಿಡುತ್ತೇನೆ. ಅಂಕಿಗಳೂ ಕನ್ನಡದಲ್ಲೇ ಇರಬೇಕು, ಕಂಪ್ಯೂಟರ್ ಎನ್ನಬಾರದು ಗಣಕಯಂತ್ರವೇ ಎನ್ನಬೇಕು ಎಂದು ಹಟ ಹಿಡಿಯುವವರಿದ್ದಾರೆ. ನಾನೂ ಗಣಕಯಂತ್ರ ಎಂದೇ ಹೇಳುವವನು. ಆದರೆ ಆ ಹಟದಲ್ಲಿ ಸಭೆಯ ಸಮಯ ಕಳೆಯಬೇಡಿ. ಅಂಕಿ 1, 2, 3 ಇದ್ದರೆ ಅಜ್ಜಿಯೂ ಓದುತ್ತಾಳೆ. ಅಂಕಿಯ ಮುಂದೆ ಜಮಾ ಎಂದಿದೆಯೋ ಖರ್ಚು ಎಂದಿದೆಯೋ ಎಂಬುದು ಅವಳಿಗೆ ತಿಳಿಯಬೇಕು. ಹೋರಾಟ ಅದಕ್ಕಿರಲಿ.

ಮುಂದೆ ಬರುತ್ತಿರುವುದು ಮಾತು ಕೇಳುವ ಯಂತ್ರ. 2022ರಲ್ಲಿ ಕೇಂದ್ರ ಸರ್ಕಾರ 'ಭಾಷಿಣಿ' ಎಂದು ಶುರು ಮಾಡಿದೆ, ಖಾಸಗಿಯವರೂ ಬರುತ್ತಿದ್ದಾರೆ. ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ. ಒಳ್ಳೆಯದೇ, ಆದರೆ ಯಾರ ಕನ್ನಡ? ನಮ್ಮ ಕಡೆಯವರು "ಹ್ವಾಯ್, ನಂದ್ ಸಾಲ ಎಷ್ಟ್ ಇತ್ತ್ ಕಾಣಿ" ಎನ್ನುತ್ತಾರೆ. ಇಲ್ಲಿ 'ಇತ್ತ್' ಎಂದರೆ ಈಗ ಇದೆ ಎಂದು ಅರ್ಥ. ಬೆಂಗಳೂರಿನ ಕನ್ನಡ ಕಲಿತ ಯಂತ್ರಕ್ಕೆ ಅದು ಹಿಂದೆ ಇತ್ತು, ಈಗ ಇಲ್ಲ ಎಂದು ಕೇಳಿಸಬಹುದು. ಸಾಲ ತೀರಿಹೋಯಿತು ಎಂದು ಯಂತ್ರ ಹೇಳಿದರೆ ಸದಸ್ಯನಿಗೆ ಸಂತೋಷವೇ, ಸಂಘಕ್ಕೆ ಕಷ್ಟ. ಆದ್ದರಿಂದ ಅಂಥ ಸೌಲಭ್ಯ ಮಾರಲು ಯಾರಾದರೂ ಬಂದರೆ ಅವರ ಮಡಿಲಗಣಕದಲ್ಲಿರುವ ಪ್ರದರ್ಶನ ನೋಡಿ ಮರುಳಾಗಬೇಡಿ. ನಿಮ್ಮದೇ ಇಪ್ಪತ್ತು ಸದಸ್ಯರನ್ನು ಕರೆದು ಅವರ ಮಾತಿನಲ್ಲೇ ಮಾತಾಡಿಸಿ ನೋಡಿ, ಆಮೇಲೆ ದುಡ್ಡಿನ ಮಾತು.

ವ್ಯಾಪಾರಸ್ಥರಿಗೆ ಎರಡು ಮಾತು. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದು, ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಗುವಂತೆ ಬೆಳೆಸಿದ ಮಯ್ಯ ಸಹೋದರರು ಇಲ್ಲೇ ಪಕ್ಕದ ಪಾರಂಪಳ್ಳಿಯವರು. ಅವರ ಹಿಂದೆ ಹೋದ ನಮ್ಮವರು ಊರೂರಿನಲ್ಲಿ ಹೋಟೆಲು ನಡೆಸುತ್ತಿದ್ದಾರೆ. ಬಿಲ್ಲಿನ ಯಂತ್ರದವರು "ಈ ಪ್ರಿಂಟರಿಗೆ ಕನ್ನಡ ಅಕ್ಷರ ಬರುವುದಿಲ್ಲ" ಎನ್ನುತ್ತಾರೆ. ಪ್ರಿಂಟರಿಗೆ ಅಕ್ಷರ ಬರಬೇಕಾಗಿಯೇ ಇಲ್ಲ. ತಂತ್ರಾಂಶ ಕನ್ನಡದ ಸಾಲನ್ನು ಚಿತ್ರವಾಗಿ ಕಳಿಸಿದರೆ ಸಾಕು, ಅಂಗಡಿಯ ಲಾಂಛನ ಮುದ್ರಿಸುವ ಪ್ರಿಂಟರು ಅದನ್ನೂ ಮುದ್ರಿಸುತ್ತದೆ. ಟ್ಯಾಲಿಯಲ್ಲಿ ಸರಕಿನ ಹೆಸರು ಕನ್ನಡದಲ್ಲಿ ಬರೆದು ಬಿಲ್ಲು ತೆಗೆಯಬಹುದು. ಆಗುವುದಿಲ್ಲ ಎಂದವನಿಗೆ ಆಗುವವನ ವಿಳಾಸ ಕೇಳಿ.

ಯಾರೋ ಕೇಳಬಹುದು, ನಾವು ಸಣ್ಣವರು, ನಮ್ಮ ಮಾತು ಆ ದೊಡ್ಡ ಕಂಪೆನಿ ಕೇಳುತ್ತದೆಯೇ ಎಂದು. ಐಸ್‌ಲ್ಯಾಂಡ್ ಎಂಬ ದೇಶವಿದೆ. 1998ರಲ್ಲಿ ಅಲ್ಲಿಯ ಜನಸಂಖ್ಯೆ ಮೂರು ಲಕ್ಷ ಕೂಡ ಇರಲಿಲ್ಲ, ಆಗಿನ ಅವಿಭಜಿತ ಕುಂದಾಪುರ ತಾಲೂಕಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದರು. ವಿಂಡೋಸನ್ನು ಅವರ ಭಾಷೆಗೆ ತರಲು ಮೈಕ್ರೋಸಾಫ್ಟು ಒಲ್ಲೆನೆಂದಿತ್ತು, ಮಾರುಕಟ್ಟೆ ಸಣ್ಣದು ಎಂದು. ಆ ಸರ್ಕಾರ ಪಟ್ಟು ಬಿಡಲಿಲ್ಲ. 1999ರ ಜನವರಿಯಲ್ಲಿ ಕಂಪೆನಿ ಒಪ್ಪಂದಕ್ಕೆ ಸಹಿ ಹಾಕಿತು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಸಣ್ಣವರಂತೆ ನಾವು!

ಒಂದೊಂದೇ ಸಂಘ ಕೇಳಿದರೆ ಕಂಪೆನಿಯವನು ನುಣುಚಿಕೊಳ್ಳುತ್ತಾನೆ ಎಂಬುದು ನಿಜ. ಆದ್ದರಿಂದ ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲೂಕುಗಳ ಸಂಘಗಳು ಒಂದೇ ಮಾತಿನ ನಿರ್ಣಯ ಮಾಡಬೇಕು. ಹತ್ತಾರು ಸಂಘಗಳಿಂದ ಒಂದೇ ತಿಂಗಳಲ್ಲಿ ಒಂದೇ ಷರತ್ತು ಬಂದರೆ ಯಾವ ತಂತ್ರಾಂಶದವನೂ ಲೆಕ್ಕ ಹಾಕುತ್ತಾನೆ. ಕರಡು ನಿರ್ಣಯವನ್ನು ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇವೆ. ಓದಿಬಿಡುತ್ತೇನೆ.

"ಬರುವ ಆರ್ಥಿಕ ವರ್ಷದಲ್ಲಿ ಸಂಘವು ಕೊಳ್ಳುವ, ನವೀಕರಿಸುವ ಅಥವಾ ಯೋಜನೆಯಡಿ ಪಡೆಯುವ ಯಾವುದೇ ತಂತ್ರಾಂಶದಲ್ಲಿ ಸದಸ್ಯರ ಹೆಸರು, ವಿಳಾಸ ಯೂನಿಕೋಡ್ ಕನ್ನಡದಲ್ಲಿ ಪೂರ್ತಿಯಾಗಿ ದಾಖಲಾಗತಕ್ಕದ್ದು. ಪಾಸ್ ಪುಸ್ತಕ, ರಸೀದಿ, ನೋಟೀಸು, ಸಾಲದ ಕರಾರು, ಮೊಬೈಲ್ ಸಂದೇಶ ಕನ್ನಡದಲ್ಲಿ ಇರತಕ್ಕದ್ದು. ಸಂಘ ಒಪ್ಪಿದ ಶಬ್ದಪಟ್ಟಿಯನ್ನೇ ಬಳಸತಕ್ಕದ್ದು. ಸಂಘದ ಸಿಬ್ಬಂದಿ ಹಾಗೂ ಸದಸ್ಯರ ಮುಂದೆ ಪರೀಕ್ಷೆ ಮಾಡಿ ತೋರಿಸುವವರೆಗೆ ಕೊನೆಯ ಕಂತು ಪಾವತಿಸತಕ್ಕದ್ದಲ್ಲ. ಒಪ್ಪಂದ ಮುಗಿದಾಗ ಸಂಘದ ಸಮಸ್ತ ದಾಖಲೆಯನ್ನು ಯೂನಿಕೋಡ್ ರೂಪದಲ್ಲಿ ಸಂಘಕ್ಕೆ ಹಿಂತಿರುಗಿಸತಕ್ಕದ್ದು."

ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಹಳೆಯ ಕಾಲದಲ್ಲಿ ಒಂದೊಂದು ಕಂಪೆನಿಯ ಕನ್ನಡ ಅಕ್ಷರಕ್ಕೆ ಒಂದೊಂದು ಗುಪ್ತ ಸಂಕೇತ ಇರುತ್ತಿತ್ತು, ಒಬ್ಬರಲ್ಲಿ ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ಇರುವೆ ಸಾಲಿನಂತೆ ಕಾಣುತ್ತಿತ್ತು. ಈಗಲೂ ಅಂಥ ಅಕ್ಷರದಲ್ಲಿ ಕೆಲಸ ಮುಗಿಸಿ ಹೋಗುವವರಿದ್ದಾರೆ. ಪರೀಕ್ಷೆಯ ದಿನ ಪರದೆಯ ಮೇಲಿನ ಒಂದು ಕನ್ನಡ ಹೆಸರನ್ನು ನಕಲು ಮಾಡಿ ನಿಮ್ಮ ಮೊಬೈಲಿಗೆ ಕಳಿಸಲು ಹೇಳಿ. ಮೊಬೈಲಿನಲ್ಲಿ ಕನ್ನಡವಾಗಿಯೇ ಕಂಡರೆ ಸರಿ. ಬೇರೇನೋ ಕಂಡರೆ ಚೆಕ್ಕಿಗೆ ಸಹಿ ಹಾಕಬೇಡಿ. ಜೊತೆಗೆ 'ಶ್ರೀಕೃಷ್ಣ', 'ಲಕ್ಷ್ಮೀ', 'ಪೂಜಾರ್ತಿ' ಎಂಬ ಮೂರು ಹೆಸರನ್ನು ಬೆರಳಚ್ಚು ಮಾಡಿಸಿ, ಪಾಸ್ ಪುಸ್ತಕದಲ್ಲಿ ಮುದ್ರಿಸಿ, ಅಕಾರಾದಿಯಲ್ಲಿ ಜೋಡಿಸಿ ತೋರಿಸಲು ಹೇಳಿ. ಹತ್ತು ನಿಮಿಷದ ಕೆಲಸ.

ಕರಡಿನ ಪ್ರತಿಗಳು ಸಾಕಷ್ಟಿವೆ, ಪ್ರತಿ ಸಂಘದವರೂ ಎರಡೆರಡು ತೆಗೆದುಕೊಳ್ಳಿ, ಒಂದು ಆಡಳಿತ ಮಂಡಳಿಗೆ, ಒಂದು ಸೂಚನಾ ಫಲಕಕ್ಕೆ. ಮಾರ್ಚ್ ಸಭೆಯ ಕಾರ್ಯಸೂಚಿ ಈ ವಾರವೇ ಅಚ್ಚಿಗೆ ಹೋಗುತ್ತದೆ ಎಂದು ಕೆಲವು ಕಾರ್ಯದರ್ಶಿಗಳು ಹೇಳಿದರು. ಈ ವಿಷಯವನ್ನು ಹತ್ತನೆಯದಾಗಿ ಹಾಕದೆ ಎರಡನೆಯದಾಗಿ, ಚಹಾ ಬರುವ ಮೊದಲೇ ಬರುವಂತೆ ಹಾಕಿಸಿ. ಈಗ ನಿಮ್ಮ ಪ್ರಶ್ನೆಗಳು ಏನಿದ್ದರೂ ಕೇಳಿ.